ಚಕ್ರಗಳಿಗೆ ಬಣ್ಣ ಉಡಿಸುವ ಪೊಕುವಾ

ಕುಮಾಸಿ ನಗರದ ಸುವಾಮೆ ಗ್ಯಾರೇಜು ಬೀದಿಯಲ್ಲಿ ಸುತ್ತಿಗೆಗಳ ಸದ್ದು ಇನ್ನೂ ಎದ್ದಿಲ್ಲ. ಪೊಕುವಾ ಆಗಲೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಾರೊಂದರ ಪಕ್ಕ ಮಣೆ ಹಾಕಿ ಕೂತಿದ್ದಾಳೆ. ಬೀದಿ ಎದ್ದರೆ ಕೆಂಪು ದೂಳೂ ಏಳುತ್ತದೆ, ಹಸಿ ಬಣ್ಣದ ಮೇಲೆ ದೂಳು ಕೂತರೆ ಮುಗಿಯಿತು. ಹಾಗಾಗಿ ಅವಳ ಕೆಲಸವೆಲ್ಲ ಬೆಳಗಿನ ಹೊತ್ತಿನದು.

ಅವಳು ಬಳಿಯುವುದು ಕಾರಿನ ಚಕ್ರಗಳಿಗೆ ಮಾತ್ರ. ಅದೂ, ಬೇಡವೆನಿಸಿದಾಗ ಸಿಪ್ಪೆಯಂತೆ ಸುಲಿದು ತೆಗೆಯಬಹುದಾದ ರಬ್ಬರಿನಂಥ ಬಣ್ಣವನ್ನು. ಚಕ್ರಕ್ಕೆ ಆರು ಪದರ, ಪದರ ಪದರದ ನಡುವೆ ಇಪ್ಪತ್ತು ನಿಮಿಷ. ದಿನಕ್ಕೆ ಎಂಟು ಚಕ್ರ, ಮದುವೆಗಳ ಕಾಲದಲ್ಲಿ ಹನ್ನೆರಡು. "ನಾಲ್ಕೇ ಪದರ ಬಳಿದು ಕೈತೊಳ್ಕೊಳ್ಳೋರೂ ಇದಾರೆ. ಆಮೇಲೆ ಸುಲಿಯೋಕೆ ಹೋದ್ರೆ ಚೂರುಚೂರಾಗಿ ಬರುತ್ತೆ, ಉಗುರು ಹೋಗುತ್ತೆ," ಎನ್ನುತ್ತಾಳೆ.

ಐವತ್ತೆರಡರ ಪೊಕುವಾ ಹನ್ನೊಂದು ವರ್ಷ ಇದೇ ಬೀದಿಯಲ್ಲಿ ಸಜ್ಜೆ ಗಂಜಿ ಮಾರಿದವಳು. ಯಾರೋ ಬಿಟ್ಟುಹೋದ ಡಬ್ಬಿಯ ಬಣ್ಣವನ್ನು ಗಂಜಿಯ ಸೌಟಿನ ಮೇಲೆ ಬಳಿದು ನೋಡಿದಳು. ಮರುದಿನ ಅದು ಇಡಿಯಾಗಿ ಸುಲಿದು ಬಂತು, ಗಂಜಿಯ ಕೆಲಸವೂ ಅಲ್ಲಿಗೆ ಬಿಟ್ಟುಹೋಯಿತು. "ಗಂಜಿ ಕೈಗೆ ಚಕ್ರ ಕೊಡೋದಾ?" ಎಂದು ಗಂಡಸರು ನಕ್ಕರು. ಮೊದಲ ನಾಲ್ಕು ತಿಂಗಳಲ್ಲಿ ಬಂದವರು ಮೂವರು. ಪಕ್ಕದ ಶೆಡ್ಡಿನಲ್ಲಿ ಇಡೀ ಕಾರಿಗೆ ಬಣ್ಣ ಹೊಡೆಯುವ ಗಂಡ ಅಗ್ಯಪಾಂಗ್ ಈಗಲೂ ಕಾಲೆಳೆಯುತ್ತಾನೆ: "ನನ್ನ ಬಣ್ಣ ಇಪ್ಪತ್ತು ವರ್ಷ ಕೂರುತ್ತೆ ಕಣೇ."

"ಅದಕ್ಕೇ ನಿನ್ನ ಗಿರಾಕಿ ಇಪ್ಪತ್ತು ವರ್ಷ ಈ ಕಡೆ ತಲೆ ಹಾಕಲ್ಲ."

ಇವತ್ತಿನ ಕಾರು ನಿವೃತ್ತ ಗುಮಾಸ್ತ ಟುಮಾಸಿಯದು. ಹೋದ ವರ್ಷ ಹೆಂಡತಿ ಬ್ರಾಗೊ ತೀರಿಕೊಂಡಾಗ ಅವನು ಶೋಕದ ಕಪ್ಪು ಬಟ್ಟೆ ಉಟ್ಟ, ಬೂದು ಕಾರಿನ ಚಕ್ರಗಳಿಗೂ ಪೊಕುವಾಳಿಂದ ಕಪ್ಪು ಬಳಿಸಿದ. ವರ್ಷ ತುಂಬಿದೆ, ಬಟ್ಟೆ ಬದಲಾಗಿದೆ. ಕಪ್ಪು ಸುಲಿಯಲೆಂದು ಚಕ್ರದ ಅಂಚಿಗೆ ಬೆರಳಿಟ್ಟವನು ಮಾತ್ರ ಹಾಗೇ ಕೂತುಬಿಟ್ಟಿದ್ದಾನೆ.

"ನಾನು ಎಳೀಲಾ ಅಪ್ಪಾ?" ಮಗಳು ಫ್ರೆಮಾ ಕೇಳುತ್ತಾಳೆ.

"ಬೇಡ, ನಾನೇ."

ಕಪ್ಪು ಒಂದೇ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ. ಟುಮಾಸಿ ಅದನ್ನು ಸೀರೆ ಮಡಿಸುವಷ್ಟು ನಿಧಾನವಾಗಿ ಮಡಿಸಿ ಹಿಂದಿನ ಸೀಟಿನ ಮೇಲಿಡುತ್ತಾನೆ. ಪೊಕುವಾ ಅತ್ತ ನೋಡದೆ ಡಬ್ಬಿ ಅಲ್ಲಾಡಿಸುತ್ತಿರುತ್ತಾಳೆ.

ಆಮೇಲೆ ಶುರುವಾಗುತ್ತದೆ ಜಗಳ. ಮಾದರಿಗೆಂದು ತಂತಿಗೆ ತೂಗುಹಾಕಿದ ಹದಿನಾಲ್ಕು ಸೌಟುಗಳಿಗೆ ಹದಿನಾಲ್ಕು ಬಣ್ಣ. ಮಗಳಿಗೆ ಬಿಳಿಯೇ ಆಗಬೇಕು. "ಈ ಮಣ್ಣಲ್ಲಿ ಸಂಜೆಗೇ ಕೆಂಪಾಗುತ್ತೆ ತಾಯಿ," ಎಂದು ಪೊಕುವಾ ತಳ್ಳಿಹಾಕುತ್ತಾಳೆ. ಬೆಳ್ಳಿ ಬಣ್ಣ ಸಾಕೆನ್ನುವ ಟುಮಾಸಿಯ ಕಣ್ಣು ಗಿಳಿಹಸಿರಿನ ಸೌಟಿನ ಮೇಲೆಯೇ ಇದೆ. ಪೊಕುವಾ ಅದನ್ನು ತೆಗೆದು, ಬಿಸಿಲಿಗೆ ಹೊರಳಿಸಿ, ಚಕ್ರದ ಪಕ್ಕ ಹಿಡಿಯುತ್ತಾಳೆ.

"ಈ ಕಾರು ಸರ್ಕಾರಿ ಕಚೇರಿ ಥರ ಇದೆ, ಸ್ವಲ್ಪ ಬಣ್ಣ ಹಾಕ್ಸಿ ಅಂತ ಬ್ರಾಗೊ ಹೇಳ್ತಾನೇ ಇದ್ಲು. ನಾನು ನಾಳೆ ನಾಳೆ ಅಂದೆ," ಎನ್ನುತ್ತಾನೆ ಅವನು. "ಆದ್ರೆ ಜನ ಏನಂತಾರೆ? ಮುದುಕ ಹೆಣ್ಣು ಹುಡುಕ್ತಿದಾನೆ ಅಂತಾರೆ."

"ಅನ್ನಲಿ ಬಿಡಿ ಯಜಮಾನ್ರೇ. ಇದೇನು ಹಚ್ಚೆಯಾ? ತಿಂಗಳು ಓಡಾಡಿ. ಮುಜುಗರ ಆದ್ರೆ ಬನ್ನಿ, ಐದು ನಿಮಿಷದಲ್ಲಿ ಸುಲಿದು ಬಿಸಾಕೋಣ."

ಫ್ರೆಮಾ ಅಪ್ಪನ ಮುಖ ನೋಡಿ, "ಹಸಿರೇ ಬಳೀರಿ," ಎನ್ನುತ್ತಾಳೆ.

ಬಿಸಿಲೇರುವ ಹೊತ್ತಿಗೆ ಕಾರು ಹೊರಡುತ್ತದೆ. ಬೀದಿಯ ಮೆಕ್ಯಾನಿಕ್ಕುಗಳು ಶಿಳ್ಳೆ ಹೊಡೆಯುತ್ತಾರೆ, ಟುಮಾಸಿ ಗಂಭೀರವಾಗಿ ಎರಡು ಸಲ ಹಾರನ್ ಒತ್ತುತ್ತಾನೆ.

ನಿನಗೇನಾಸೆ ಎಂದು ಕೇಳಿದರೆ ಪೊಕುವಾ ಹಿಡಿದುಹೋದ ಮಂಡಿ ನೀವಿಕೊಳ್ಳುತ್ತ ನಗುತ್ತಾಳೆ. "ನಂದೂ ಅಂತ ಒಂದು ಕಾರು ಬೇಕು. ಓಡದಿದ್ರೂ ಪರವಾಗಿಲ್ಲ, ಚಕ್ರ ನಾಲ್ಕಿದ್ರೆ ಸಾಕು. ನಾಲ್ಕಕ್ಕೂ ನಾಲ್ಕು ಬಣ್ಣ ಬಳಿತೀನಿ. ಕೇಳೋರ್ಯಾರು?"