ಶಕ್ತಿ ಗುಳಿಗೆ ಎಂದು ನಾನು ಹೇಳಿದ್ದು

ಮಹಾದೇವ ಅವರೇ, ನನ್ನ ತಂಗಿ ಶಾಂತಾಳ ಹೃದಯದಲ್ಲಿ ರೋಗವಿದೆ ಎಂಬುದು ನಿಮ್ಮ ಮದುವೆಗೆ ಮೊದಲೇ ನನಗೆ ಗೊತ್ತಿತ್ತು. ನಿಮಗೆ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ. ಅವಳು ಹೋಗಿ ಆರು ವರ್ಷವಾಯಿತು. ಆ ಬೆಳಿಗ್ಗೆ ಮೇವು ತರಲು ಅವಳನ್ನು ಕಳಿಸಿದ್ದಕ್ಕೆ ನೀವು ಇಂದಿಗೂ ನಿಮ್ಮನ್ನೇ ಹಳಿದುಕೊಳ್ಳುತ್ತೀರಿ. ಆ ತಪ್ಪು ನಿಮ್ಮದಲ್ಲ. ನನ್ನದು.

ಎಂಬತ್ತೇಳನೇ ಇಸವಿ. ನಮ್ಮೂರು ಅಕ್ಕೋಳದಲ್ಲಿ ತಂಬಾಕು ಒಣಗುವ ದಿನಗಳು. ಎಲೆಯ ಕಟ್ಟು ಎತ್ತಿಡುವಾಗ ಶಾಂತಾ ಎರಡು ಸಲ ಕಣ್ಣಿಗೆ ಕತ್ತಲೆ ಬಂದು ಕುಸಿದು ಕೂತಳು. ತಂಬಾಕಿನ ಘಾಟು ತಲೆಗೇರಿದೆ ಎಂದು ಅವ್ವ ಅಂದಳು. ನನಗೆ ಮಾತ್ರ ಅಪ್ಪನ ನೆನಪು — ನಲವತ್ತೂ ತುಂಬದ ಅಪ್ಪ, ಬಾವಿಯ ದಂಡೆಯ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಎಂಟು ದಿನಕ್ಕೆ ನಿಮ್ಮವರು ಮದುವೆ ನಿಶ್ಚಯದ ಸಾಕರಪುಡಾಕ್ಕೆ ಬರುವವರಿದ್ದರು. ಸೀರೆ ತರುತ್ತೇವೆಂದು ಮನೆಯಲ್ಲಿ ಹೇಳಿ ಅವಳನ್ನು ಮಿರಜಿಗೆ ಕರೆದೊಯ್ದೆ.

ಎದೆಯ ಚಿತ್ರ ತೆಗೆದ ಮೇಲೆ ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ವಯಸ್ಸಾದವರು, ಮರಾಠಿಯ ನಡುವೆ ನಮ್ಮ ಮಾತನ್ನೂ ಆಡುತ್ತಿದ್ದರು. “ಹೃದಯದ ಭಿಂತ ದಪ್ಪ ಆಗೇತಿ, ತಾಯಿ” ಎಂದರು. ಗೋಡೆ ದಪ್ಪವಾದರೆ ಮನೆ ಗಟ್ಟಿ ಅಲ್ಲವೇ ಎಂದು ನಾನು ಕೇಳಿದೆ. ಅವರು ನಗಲಿಲ್ಲ. ಗೋಡೆ ಒಳಮುಖವಾಗಿ ದಪ್ಪವಾದರೆ ಮನೆಯೊಳಗೆ ಜಾಗ ಉಳಿಯುವುದಿಲ್ಲ, ರಕ್ತ ನಿಲ್ಲಲು ಸ್ಥಳವೇ ಇರುವುದಿಲ್ಲ ಎಂದರು. ಅಪ್ಪನ ಬಗ್ಗೆ ಕೇಳಿದರು. ಇದು ರಕ್ತದಲ್ಲಿ ಬರುವಂಥದ್ದು, ಅಕ್ಕತಂಗಿಯರು, ಮುಂದೆ ಹುಟ್ಟುವ ಮಕ್ಕಳು, ಎಲ್ಲರೂ ತೋರಿಸಿಕೊಳ್ಳಬೇಕು ಎಂದರು. ಭಾರ ಎತ್ತಬಾರದು. ಓಡಬಾರದು. ಕಟ್ಟಿಕೊಳ್ಳುವವನಿಗೆ ಹೇಳಿಯೇ ಮದುವೆ ಮಾಡಿ — ಇದನ್ನು ಎರಡು ಸಲ ಹೇಳಿದರು.

ಆಮೇಲೆ ಒಂದು ಗುಳಿಗೆಯ ಮಾತು. ಹೃದಯ ದುಡಿಯಬೇಕಾದರೆ ಅದರ ಕಣಕಣದಲ್ಲೂ ಅನ್ನ ಉರಿಯಬೇಕು, ಆ ಕೆಲಸ ಮಾಡುವುದು ಕಿಣ್ವ. ಒಂಟಿ ಎತ್ತಿನಿಂದ ಗಳೆ ಸಾಗದು, ನೊಗಕ್ಕೆ ಜೋಡಿ ಬೇಕು. ಹಾಗೆಯೇ ಕಿಣ್ವಕ್ಕೂ ಒಂದು ಜೋಡಿ ವಸ್ತು ಬೇಕು ಎಂದು ನನಗೆ ತಿಳಿಯುವಂತೆ ಹೇಳಿದರು. ಆ ಜೋಡಿ ಕಡಿಮೆ ಬಿದ್ದರೆ ಹೃದಯ ದಣಿಯುತ್ತದೆ. ಹೊರದೇಶದಲ್ಲಿ ಇಂಥ ರೋಗಿಗಳಿಗೆ ಅದನ್ನೇ ಗುಳಿಗೆ ಮಾಡಿ ಕೊಟ್ಟು ನೋಡುತ್ತಿದ್ದಾರೆ, ಮುಂಬಯಿಯಿಂದ ತರಿಸಬಹುದು. ಗುಣವಾಗುತ್ತದೆಯೇ ಎಂದು ಕೇಳಿದೆ. “ಆಗತೈತಿ ಅನ್ನೂದಿಲ್ಲ. ಕಾಪಾಡಿದ್ರ ಕಾಪಾಡಬಹುದು.”

ಅವರು ಹೇಳಿದ ಅಷ್ಟು ಮಾತಿನಲ್ಲಿ ನಾನು ಹಿಡಿದುಕೊಂಡದ್ದು ಇದೊಂದನ್ನೇ — ಕಾಪಾಡಬಹುದು. ಗುಳಿಗೆ ಇದೆಯಲ್ಲ, ಇನ್ನು ಯಾರಿಗೂ ಹೇಳುವುದು ಬೇಡ ಎಂದು...

ಹೊರಗೆ ಬಂದಾಗ ಶಾಂತಾ ಕೇಳಿದಳು. ರಕ್ತ ಕಡಿಮೆ ಇದೆಯಂತೆ, ಶಕ್ತಿ ಗುಳಿಗೆ ಬರೆದುಕೊಟ್ಟಿದ್ದಾರೆ ಅಂದೆ. ಅವಳು ನಕ್ಕಳು. “ಇಷ್ಟಕ್ಕ ಮಿರಜ್ ಮಟಾ ಎಳಕೊಂಡ ಬಂದಿಯೇನ ಅಕ್ಕಾ? ಹಂಗಾರ ಸೀರಿನರ ಛಲೋದ ಕೊಡಸು.” ಹಸಿರು ಸೀರೆ ಕೊಡಿಸಿದೆ. ನಿಮ್ಮವರು ಅವಳ ಉಡಿಯಲ್ಲಿ ಸಕ್ಕರೆ ಪೊಟ್ಟಣ ಇಟ್ಟು ಸಂಬಂಧ ಗಟ್ಟಿ ಮಾಡಿದಾಗ ಅವಳು ಉಟ್ಟಿದ್ದು ಅದೇ.

ಅಂದು ನಿಮ್ಮ ತಾಯಿ ನನ್ನನ್ನು ನೇರವಾಗಿಯೇ ಕೇಳಿದರು. “ಹುಡುಗಿ ಬಾಳ ಬಿಳಚಿಕೊಂಡಾಳಲ್ಲ, ಏನರ ಬ್ಯಾನಿ ಐತೇನ ತಂಗಿ?” ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಿಜ ಹೇಳಲು ಅದಕ್ಕಿಂತ ಸುಲಭದ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. ನಾನಂದೆ —

“ಬ್ಯಾನಿ ಎಲ್ಲೀದ್ರಿ? ತಲಿಮ್ಯಾಲ ಎರಡ ಕೊಡ, ಬಗಲಾಗ ಒಂದ ಹೊತ್ಕೊಂಡ ಓಡತಾಳ್ರಿ ನಮ್ಮ ಶಾಂತಾ.”

ಎಲ್ಲರೂ ನಕ್ಕರು. ಹಾಗಾದರೆ ನಮ್ಮ ಎತ್ತಿಗೆ ಇನ್ನು ಸೂಟಿ ಎಂದು ನಿಮ್ಮ ಕಾಕಾ ಚಾಷ್ಟಿ ಮಾಡಿದರು. ನಾನೂ ನಕ್ಕೆ. ಆ ಮಾತನ್ನು ನಿಮ್ಮ ತಾಯಿ ಮರೆಯಲಿಲ್ಲ. ನಿಮ್ಮೂರು ಅಂಕಲಿಗೆ ಬಂದಾಗಲೆಲ್ಲ ಕೇಳುತ್ತಿದ್ದೆ — ನೆರೆಯವರ ಮುಂದೆ ಹೆಮ್ಮೆಯಿಂದ, ನಮ್ಮ ಸೊಸೆ ಮೂರು ಕೊಡ ಹೊತ್ತು ಓಡುವವಳು ಎನ್ನುತ್ತಿದ್ದರು. ಸೊಸೆಯೂ ಅತ್ತೆಯ ಹೆಮ್ಮೆ ಉಳಿಸಲು ಹೊರುತ್ತಿದ್ದಳು. ನೀರು, ಹಿಟ್ಟು, ಮೇವು. ಆ ಮನೆಯಲ್ಲಿ ಅವಳಿಗೆ ಯಾರೂ ಕಷ್ಟ ಕೊಡಲಿಲ್ಲ. ಅವಳ ತಲೆಯ ಮೇಲೆ ಭಾರ ಇಟ್ಟದ್ದು ನನ್ನ ನಾಲಿಗೆ.

ತಿಂಗಳಿಗೊಮ್ಮೆ ನಾನು ಬುತ್ತಿ ಕಟ್ಟಿಕೊಂಡು ಬರುತ್ತಿದ್ದುದು ನಿಮಗೆ ನೆನಪಿರಬೇಕು. ರೊಟ್ಟಿ, ಶೇಂಗಾ ಚಟ್ನಿ, ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಗುಳಿಗೆ ಡಬ್ಬಿ. ಅಕ್ಕನಿಗೆ ತಂಗಿಯ ಮೇಲೆ ಎಷ್ಟು ಜೀವ ಎಂದು ನೀವು ಒಮ್ಮೆ ಅಂದಿರಿ. ಆ ಮಾತು ನನಗೆ ಊಟದಲ್ಲಿ ಸಿಕ್ಕ ಕಲ್ಲಿನಂತಾಗಿತ್ತು.

ನಿಮ್ಮ ಮಗಳು ರೇಖಾ ಹುಟ್ಟಿದ ಮೂರನೆಯ ವರ್ಷವಿರಬೇಕು. ಪಡಸಾಲೆಯಲ್ಲಿ ಶಾಂತಾ ಜೋಳ ಹಸನು ಮಾಡುತ್ತಿದ್ದಳು, ನಿಮ್ಮ ತಾಯಿ ಕಾಲು ಚಾಚಿ ಕೂತಿದ್ದರು. ಶಾಂತಾ ಖುಷಿಯಿಂದ ಹೇಳಿದಳು, “ಅಕ್ಕಾ, ನಿನ್ನ ಶಕ್ತಿ ಗುಳಿಗಿ ಅತ್ತೀಗೆ ಬಾಳ ಛಲೋ ಹಿಡದಾವ ನೋಡ. ಮೊಣಕಾಲ ನೋವ ಕಮ್ಮಿ ಅಂತಾರ. ನಾ ಗಟ್ಟಿ ಅದೀನಿ, ನನಗ್ಯಾಕ?”

ಒಂದು ವರ್ಷದಿಂದ ಅವಳು ಒಂದು ಗುಳಿಗೆಯನ್ನೂ ನುಂಗಿರಲಿಲ್ಲ. ಅರ್ಧ ಅತ್ತೆಗೆ, ಉಳಿದದ್ದು ಪಕ್ಕದ ಮನೆಯ ಬಾಣಂತಿಗೆ. ಶಕ್ತಿಯ ಗುಳಿಗೆಯಲ್ಲವೇ, ಶಕ್ತಿ ಇಲ್ಲದವರಿಗೆ ಕೊಟ್ಟಳು. ಅವಳ ಗುಣವೇ ಹಾಗಿತ್ತು, ಒಳ್ಳೆಯದು ಏನೇ ಇದ್ದರೂ ಮೊದಲು ಇನ್ನೊಬ್ಬರ ಕೈಯಲ್ಲಿ ಇಡುವವಳು. ಆ ಗುಣ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೆಸರಿಟ್ಟು ಕೊಟ್ಟೆ.

ಆಗಲಾದರೂ ಬಾಯಿ ಬಿಡಬಹುದಿತ್ತು. ನಿಮ್ಮ ತಾಯಿಯ ಮುಖ ನೋಡಿದೆ. ನಾಲ್ಕು ವರ್ಷದ ಸುಳ್ಳು ಹೊರಬಿದ್ದರೆ ಶಾಂತಾಳನ್ನು ನಮ್ಮ ಮನೆಗೆ ಕಳಿಸಿಬಿಟ್ಟಾರು ಎಂದು ಹೆದರಿದೆ — ಅಲ್ಲ, ಅದೂ ಪೂರ್ತಿ ನಿಜವಲ್ಲ. ಸುಳ್ಳಿ ಎನಿಸಿಕೊಳ್ಳಲು ಹೆದರಿದೆ. “ನೀನೂ ಒಂದೊಂದ ತಗೋಬೇ” ಎಂದಷ್ಟೇ ಅಂದು ಎದ್ದು ಬಸ್ಸಿಗೆ ಹೋದೆ.

ಅದಾದ ಎರಡು ವರ್ಷಕ್ಕೆ, ಕಾಲುವೆಯ ಏರಿ ಹತ್ತುವಾಗ ಮೇವಿನ ಹೊರೆಯೊಂದಿಗೆ ಬಿದ್ದಳು. ನಾನು ಬರುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿದ್ದರು. ಮಂದಿ ದೃಷ್ಟಿಯಾಯಿತು ಎನ್ನುತ್ತಿದ್ದರು. ನೀವು ನನ್ನ ಮುಂದೆ ಬಂದು ಕುಕ್ಕುರು ಕೂತು ಕೇಳಿದಿರಿ, “ಅಕ್ಕಾರ, ಆಕಿಗೆ ಮೊದಲ ಏನರ ಇತ್ತೇನ್ರಿ?” ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು. ನೀವು ನೆಲ ನೋಡುತ್ತ ಅಂದಿರಿ, “ಹಂಗಾರ ನಾನ ಕೊಂದೆ. ಇವತ್ತ ನಾ ಹೋಗಬೇಕಾಗಿತ್ತ ಮೇವಿಗೆ.”

ಆ ಮಾತನ್ನೂ ಕೇಳಿಸಿಕೊಂಡು ಸುಮ್ಮನೆ ಕೂತೆ. ಶಾಂತಾಳಿಗೆ ಮಾಡಿದ್ದಕ್ಕಿಂತ ಇದು ದೊಡ್ಡದೋ ಸಣ್ಣದೋ — ತೂಗಿ ನೋಡುವ ಧೈರ್ಯ ನನಗಿಲ್ಲ.

ದಿನಕರ್ಮ ಮುಗಿದ ಮೇಲೆ ಒಬ್ಬಳೇ ಮಿರಜಿಗೆ ಹೋದೆ. ಆ ಗುಳಿಗೆ ಸರಿಯಾಗಿ ನುಂಗಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ಅದು ತಮಗೂ ಗೊತ್ತಿಲ್ಲ, ಯಾರಿಗೂ ಇನ್ನೂ ಗೊತ್ತಿಲ್ಲ ಎಂದರು ಡಾಕ್ಟರು. ಆಮೇಲೆ, “ಭಾರ ಹೊರೂದ ಬಿಡಿಸಿದ್ದಿಯೇನ ತಾಯಿ?”

ಇಷ್ಟು ವರ್ಷ ನಾನು ಆ ‘ಗೊತ್ತಿಲ್ಲ’ದ ಹಿಂದೆ ಅಡಗಿ ಕೂತಿದ್ದೆ. ಗುಳಿಗೆಯ ಗುಣ ಯಾರಿಗೆ ಗೊತ್ತು, ನನ್ನ ತಪ್ಪು ಎಷ್ಟೆಂದು ಯಾರು ಹೇಳಬಲ್ಲರು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಭಾರ ಹೊರಬಾರದು ಎಂಬುದರಲ್ಲಿ ‘ಬಹುದು’ ಇರಲಿಲ್ಲ. ಅದನ್ನು ಹೇಳಲು ಮುಂಬಯಿಯಿಂದ ಏನೂ ತರಿಸಬೇಕಾಗಿರಲಿಲ್ಲ.

ನಿನ್ನೆ ನಿಮ್ಮ ಪತ್ರ ಬಂತು. ರೇಖಾ ಖೋ ಖೋ ಆಟದಲ್ಲಿ ಚಿಕ್ಕೋಡಿಗೆ ಹೋಗುವ ತಂಡಕ್ಕೆ ಆಯ್ಕೆಯಾಗಿದ್ದಾಳೆ, ಅವ್ವನ ಹಾಗೆಯೇ ಗಟ್ಟಿ, ಅವಳ ಹಾಗೆಯೇ ಓಡುತ್ತಾಳೆ ಎಂದು ಬರೆದಿದ್ದೀರಿ. ಓದಿ ಪತ್ರ ಕೆಳಗಿಡಲಾಗಲಿಲ್ಲ. ಅವಳಿಗೆ ಏನೂ ಇರಲಿಕ್ಕಿಲ್ಲ. ಇರಬಹುದು. ಮತ್ತೆ ಅದೇ ‘ಬಹುದು’ — ಈ ಸಲ ಅದರ ಹಿಂದೆ ಅಡಗಲಾರೆ.

ಟ್ರಂಕಿನ ತಳದ ಕಾಗದದ ಕೆಳಗೆ ಇಟ್ಟಿದ್ದ ಡಾಕ್ಟರರ ಚೀಟಿ ತೆಗೆದಿದ್ದೇನೆ. ಸೋಮವಾರ ಮುಂಜಾನೆಯ ಬಸ್ಸಿಗೆ ಅದನ್ನು ಹಿಡಿದು ಬರುತ್ತೇನೆ. ನೀವು ಏನು ಅಂದರೂ ಕೇಳುತ್ತೇನೆ, ಒಳಗೆ ಕರೆಯದಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ. ರೇಖಾಳನ್ನು ಮಾತ್ರ ನನ್ನ ಜೊತೆ ಮಿರಜಿಗೆ ಕಳಿಸಿ, ಇಲ್ಲವೇ ನೀವೇ ಕರೆದೊಯ್ಯಿರಿ. ಅಕ್ಕತಂಗಿಯರೂ ತೋರಿಸಿಕೊಳ್ಳಬೇಕು ಎಂದಿದ್ದರು, ನಾನು ತೋರಿಸಿಲ್ಲ. ಅಂದು ನಾನೂ ತೋರಿಸುತ್ತೇನೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಹನ್ನೆರಡು ವರ್ಷದ ಹಿಂದೆ ನಿಮ್ಮ ತಾಯಿ ಕೇಳಿದಾಗ ಹೇಳಬೇಕಾಗಿದ್ದ ಮಾತೊಂದು ಉಳಿದಿದೆ, ಅದನ್ನು ಬರೆಯುತ್ತೇನೆ. ನಾನು ಬರುವವರೆಗೆ ಅವಳನ್ನು ಓಡಲು ಬಿಡಬೇಡಿ. ತಲೆಯ ಮೇಲೆ ಒಂದು ಕೊಡವನ್ನೂ ಇಡಬೇಡಿ.