ಕಾಜಾ ಅಮ್ಮ ಕತ್ತರಿಸಿದ ಕೋಟು

ಅಮ್ಮನ ಸಂತಾಪ ಸಭೆಗೆ ಹೊಲಿಗೆ ಅಂಗಡಿಯ ಕೋಟು ಯಜಮಾನನನ್ನು ಕರೆಯುವುದು ಬೇಡ ಎಂದು ಅಣ್ಣ ಅಂಗಲಾಚಿದ. ತಂಗಿ ಕೇಳಲಿಲ್ಲ. ಅವಳಿಗೆ ಆ ಮನುಷ್ಯ ಬರಲೇಬೇಕಿತ್ತು, ಮೈಕಿನ ಮುಂದೆ ನಿಂತು ಒಂದೇ ಒಂದು ಮಾತು ಹೇಳಬೇಕಿತ್ತು: ಮೂವತ್ತು ವರ್ಷ ನನ್ನ ಅಂಗಡಿಯ ಕೋಟು ಕತ್ತರಿಸಿದವಳು ಇವಳು, ನಾನಲ್ಲ. ಆ ಮಾತು ಕಿವಿಗೆ ಬೀಳದೆಯೇ ಅಮ್ಮ ಹೋಗಿಬಿಟ್ಟಿದ್ದಳು. ಮಗಳು ಬಿಡುವವಳಲ್ಲ.

"ವಯಸ್ಸಾದೋರು, ಹೋಗ್ಲಿ ಬಿಡೇ," ಎಂದ ಅಣ್ಣ. "ಅಮ್ಮಾನೇ ಸುಮ್ಮನಿದ್ದಳು."

"ಅಮ್ಮ ಸುಮ್ಮನಿದ್ದಳು ಅಂತ ನಿನಗೆ ಯಾರು ಹೇಳಿದ್ರು?"

ಬೀದಿಗೆಲ್ಲ ಅವಳು ಕಾಜಾ ಅಮ್ಮ. ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲಿ ಹೊಲಿಯುವ ಕೆಲಸಕ್ಕೆ ಸೇರಿದ್ದರಿಂದ ಅಂಟಿಕೊಂಡ ಹೆಸರು. ಗಂಡ ತೀರಿಕೊಂಡಾಗ ಮಗ ಶಾಲೆಗೆ ಹೋಗುತ್ತಿದ್ದ, ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಅಡುಗೆ ಮುಗಿಸಿ, ಮಗನ ತಲೆ ಬಾಚಿ, ಮಗಳನ್ನು ಪಕ್ಕದ ಮನೆಯ ದೊಡ್ಡಮ್ಮನ ಮಡಿಲಿಗೆ ಹಾಕಿ, ಎಂಟೂವರೆಗೆಲ್ಲ ಅಂಗಡಿಯಲ್ಲಿರುತ್ತಿದ್ದಳು. ಅರವತ್ತೆರಡಕ್ಕೆ ಅಂಗಡಿ ಬಿಟ್ಟ ಮೇಲೂ ಕೈಕಟ್ಟಿ ಕೂರಲಿಲ್ಲ. ಬೀದಿಯ ಅರ್ಧ ಮಕ್ಕಳ ಶಾಲೆಯ ಅಂಗಿ ಅವಳ ಯಂತ್ರದಿಂದಲೇ ಇಳಿಯುತ್ತಿತ್ತು. ಇಬ್ಬರು ಮೊಮ್ಮಕ್ಕಳಿಗೆ ಕತ್ತರಿ ಹಿಡಿಯಲು ಕಲಿಸಿದಳು. ತಪ್ಪಿದರೆ ಸ್ಕೇಲಿನಿಂದ ಬೆರಳ ಮೇಲೊಂದು, ಸರಿಯಾದರೆ ಸಾಕುಸಾಕೆನ್ನುವಷ್ಟು ಮುದ್ದು. ಎಂಬತ್ತು ದಾಟಿದ ಮೇಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ಆ ಸಂಗತಿ ಯಾರಿಗೂ ಮರೆತುಹೋಗದಂತೆ ನೋಡಿಕೊಳ್ಳುತ್ತಿದ್ದಳು.

ಅಂಗಡಿಯ ಹಳೆಯ ಯಜಮಾನ ನಿಜವಾದ ಕೆಲಸಗಾರ. ಕಾಜಾ ಹಾಕುವವಳ ಕಣ್ಣು ತನ್ನ ಕತ್ತರಿಯ ಹಿಂದೆಯೇ ಓಡಾಡುವುದನ್ನು ಕಂಡು, ಕರೆದು ಕಲಿಸಿದ. ಅವನು ತೀರಿಕೊಂಡ ಮೇಲೆ ಬಂದ ಮಗನಿಗೆ ಗೊತ್ತಿದ್ದದ್ದು ಎರಡೇ: ಕೊರಳಿಗೆ ಟೇಪು ಹಾಕಿಕೊಳ್ಳುವುದು, ಗಿರಾಕಿಗಳೆದುರು ಹಲ್ಲು ಕಿರಿಯುವುದು. ಅವನು ಕತ್ತರಿಸಿದ ಮೊದಲ ಕೋಟು ತೊಟ್ಟ ವಕೀಲರು ಕೈ ಎತ್ತಲಾರದೆ ಒದ್ದಾಡಿದರು. ಮಾರನೆಯ ದಿನವೇ ಅಂಗಡಿಯ ನಡುವೆ ಪರದೆ ಬಂತು.

"ಹೆಂಗಸು ಕತ್ತರಿಸಿದ್ದು ಅಂದ್ರೆ ಗಂಡಸರು ಹಾಕ್ಕೊಳ್ಳಲ್ಲ," ಎಂದ.

ಅವನು ಮುಂದೆ ನಿಂತು ಅಳತೆ ಕೂಗುವುದು, ಅವಳು ಪರದೆಯ ಹಿಂದೆ ಬರೆದುಕೊಂಡು ಕತ್ತರಿಸುವುದು. ಸಂದಿಯಿಂದ ಗಿರಾಕಿಯ ಬೆನ್ನು ಒಮ್ಮೆ ನೋಡಿದರೆ ಸಾಕು, ಕೂಗಿದ ಅಳತೆಯಲ್ಲಿ ಎಷ್ಟು ತಪ್ಪಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ತಪ್ಪು ದೊಡ್ಡದಾದರೆ ಕತ್ತರಿಯಿಂದ ಮೇಜು ಕುಟ್ಟುತ್ತಿದ್ದಳು. ಅವನು ಕೆಮ್ಮಿ ಮತ್ತೊಮ್ಮೆ ಟೇಪು ಹಿಡಿಯುತ್ತಿದ್ದ. ನಾಚಿಕೆಗೆಟ್ಟವನು! ಅಂಗಡಿಯಲ್ಲಿ ಹೊಲಿಯುವವರಿಗೆಲ್ಲ ಇದು ಗೊತ್ತಿತ್ತು. ಸಂಬಳ ಕೊಡುವವನ ವಿರುದ್ಧ ಯಾರು ಬಾಯಿ ಬಿಡುತ್ತಾರೆ?

ಹತ್ತು ವರ್ಷದ ಮೇಲೆ ದರ್ಜಿಗಳ ಸಂಘ ಅವನಿಗೆ ಬೆಳ್ಳಿಯ ಕತ್ತರಿ ಕೊಟ್ಟು ಸನ್ಮಾನ ಮಾಡಿತು. ಅಮ್ಮ ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ಮಗಳ ಕೈ ಹಿಡಿದುಕೊಂಡು ಹೋಗಿದ್ದಳು. ಇಂದಾದರೂ ಒಂದು ಮಾತು ಆಡಿಯಾನು ಎಂಬ ಆಸೆ. ಯಾರೋ ಅತಿಥಿ ಅವಳನ್ನು ತೋರಿಸಿ ಇವರು ಯಾರೆಂದು ಕೇಳಿದರು.

"ಇವಳಾ? ಕಾಜಾದವಳು. ಪಾಪ ಅಂತ ಕೆಲಸ ಕೊಟ್ಟಿದೀನಿ," ಎಂದ ಅವನು.

ಅಮ್ಮ ನಕ್ಕಳು. ಆದರೆ ಮಗಳ ಬೆರಳುಗಳನ್ನು ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅವತ್ತು ಹುಟ್ಟಿದ ಹೊಟ್ಟೆಯುರಿ ಮಗಳಿಗೆ ಅರವತ್ತು ಹತ್ತಿರವಾದರೂ ಆರಿರಲಿಲ್ಲ.

ಅಮ್ಮ ಏನು ಮಾಡಿದ್ದಳೆಂದು ತಿಳಿದದ್ದು ಹೋದ ತಿಂಗಳು, ಅವಳು ಹಾಸಿಗೆ ಹಿಡಿದ ಮೇಲೆ.

"ಅವನ ಹೆಗಲು ನೆಟ್ಟಗೇ ಇದೆ ಕಣೇ," ಎಂದು ಕಿಸಕ್ಕನೆ ನಕ್ಕಳು.

ಕೋಟು ಯಜಮಾನನ ಬಲ ಹೆಗಲು ಇಳಿದಿದೆ ಎಂಬುದು ಊರಿಗೇ ಗೊತ್ತಿದ್ದ ವಿಷಯ. ಎಣ್ಣೆ ತಿಕ್ಕಿಸಿಕೊಂಡ, ಬೆಳಗಾದರೆ ಕಂಬಿಗೆ ಜೋತುಬಿದ್ದ. ಮೂಳೆ ಡಾಕ್ಟರು ಏನೂ ಆಗಿಲ್ಲ ಎಂದದ್ದಕ್ಕೆ ಡಾಕ್ಟರನ್ನೇ ಬದಲಾಯಿಸಿದ. ಸನ್ಮಾನದ ವರ್ಷದಿಂದ ಅವನು ತೊಡುವ ಪ್ರತಿ ಕೋಟನ್ನೂ ಅಮ್ಮ ಬಲಕ್ಕೆ ಒಂದು ಬೆರಳು ಇಳಿಸಿ ಕತ್ತರಿಸಿದ್ದಳು, ಆ ಹೆಗಲಿನೊಳಗೆ ತೆಳು ಪ್ಯಾಡು ಇಟ್ಟಿದ್ದಳು. ಅವಳು ಅಂಗಡಿ ಬಿಟ್ಟ ಮೇಲೂ ಅವನು ತನ್ನ ಕೋಟಿನ ಬಟ್ಟೆಯ ಪೊಟ್ಟಣವನ್ನು ಕದ್ದುಮುಚ್ಚಿ ಮನೆಗೇ ಕಳಿಸುತ್ತಿದ್ದ. ಅಂಗಿಯಲ್ಲಿ ಕಾಣದ ಓರೆ ಕೋಟಿನಲ್ಲಿ ಎಲ್ಲಿಂದ ಬಂತು ಎಂದು, ಕತ್ತರಿ ಗೊತ್ತಿದ್ದವನಾದರೆ ಒಂದೇ ಗಳಿಗೆಯಲ್ಲಿ ಹಿಡಿಯುತ್ತಿದ್ದ.

"ಇವತ್ತು ಹಿಡೀತಾನೆ, ನಾಳೆ ಹಿಡೀತಾನೆ ಅಂತ ಕಾದೆ. ಅಷ್ಟೂ ಗೊತ್ತಾಗಲಿಲ್ಲ ಆ ಮೂದೇವಿಗೆ!" ಅಮ್ಮ ಕೆಮ್ಮು ಬರುವಷ್ಟು ನಕ್ಕಳು. ಮಗಳೂ ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಸದ್ದು ಕೇಳದಂತೆ ಅತ್ತಳು. ಒಂದು ಮಾತಿನ ಬದಲು ಅಮ್ಮ ಇಷ್ಟರಲ್ಲೇ ತೃಪ್ತಿಪಟ್ಟುಕೊಂಡಳಲ್ಲ ಎಂಬ ಸಂಕಟ ತಡೆಯಲಾಗಲಿಲ್ಲ.

ಸಭೆ ನಡೆದದ್ದು ಗುಂಡಿ ಅಂಗಡಿಯ ಮಹಡಿಯ ಮೇಲಿನ ಸಂಘದ ಸಭಾಂಗಣದಲ್ಲಿ. ಬಂದವರಲ್ಲಿ ಮುಕ್ಕಾಲು ಪಾಲು ದರ್ಜಿಗಳೇ. ಕೋಟು ಯಜಮಾನ ಕೋಟಿನ ಬಲ ಹೆಗಲು ಇಳಿಬಿಟ್ಟುಕೊಂಡು ಮೈಕಿನ ಮುಂದೆ ನಿಂತ.

"ಒಳ್ಳೇ ಹೆಂಗಸು. ಕಾಜಾದಲ್ಲಿ ಅವಳನ್ನ ಮೀರಿಸೋರಿಲ್ಲ. ನಾನು ಕತ್ತರಿಸಿ ಕೊಡ್ತಿದ್ದೆ, ಅವಳು ಕಾಜಾ ಹಾಕ್ತಿದ್ದಳು. ಈ ಕೋಟೂ ಅಷ್ಟೆ, ನಾನೇ ಕತ್ತರಿಸಿದ್ದು," ಎಂದು ಎದೆ ತಟ್ಟಿಕೊಂಡ.

ಮಗಳು ಎದ್ದಳು. ದನಿಗೆ ಬೆಲ್ಲ ಸವರಿಕೊಂಡಳು.

"ಯಜಮಾನ್ರೇ, ನನ್ನ ಮಕ್ಕಳೂ ಕತ್ತರಿ ಹಿಡೀತಾರೆ. ಓರೆ ಹೆಗಲಿಗೆ ಅಳತೆ ಹೇಗೆ ಅಂತ ತೋರಿಸ್ತೀರಾ? ನಿಮ್ಮ ಮೈ ಮೇಲೇ ಆದ್ರೆ ಚೆನ್ನಾಗಿ ಅರ್ಥ ಆಗುತ್ತೆ."

ಅವನು ಉಬ್ಬಿಹೋದ. ಕೋಟು ತೆಗೆದು ಕುರ್ಚಿಗೆ ಹಾಕಿ, ಅಂಗಿಯಲ್ಲಿ ನೆಟ್ಟಗೆ ನಿಂತ. ಅವಳು ನೆಲದಿಂದ ಹೆಗಲಿಗೆ ಟೇಪು ಹಿಡಿದಳು.

"ಎಡ, ಐವತ್ನಾಲ್ಕು," ಎಂದಳು ಮೈಕಿನಲ್ಲಿ. "ಬಲ, ಐವತ್ನಾಲ್ಕು."

ಸಂಘದ ಅಧ್ಯಕ್ಷರು ಬಂದು ತಾವೇ ಅಳೆದು ನೋಡಿದರು. ಆಮೇಲೆ ಕುರ್ಚಿಯ ಮೇಲಿದ್ದ ಕೋಟನ್ನೆತ್ತಿ, ಒಳಗೆ ಕೈ ಹಾಕಿ ಎರಡೂ ಹೆಗಲನ್ನು ತಡವಿದರು.

"ಮೈ ಸರಿಯಾಗಿದೆ," ಎಂದರು. "ಕೋಟೇ ಓರೆ."

ಎಲ್ಲೋ ಒಬ್ಬರು ನಕ್ಕರು. ನಗು ಸಾಲಿನಿಂದ ಸಾಲಿಗೆ ಹರಿಯಿತು.

"ನೀವೇ ಕತ್ತರಿಸಿದ್ದಾ ಯಜಮಾನ್ರೇ?" ಎಂದಳು ಮಗಳು.

ಹೌದೆಂದರೆ ತನ್ನ ಮೈಗೇ ಕೋಟು ಕತ್ತರಿಸಲು ಬಾರದವನು. ಅಲ್ಲವೆಂದರೆ ಅಷ್ಟೂ ವರ್ಷದ ಸುಳ್ಳುಗಾರ. ಅಣ್ಣ ಸಾಕೆಂದು ಕೈಸನ್ನೆ ಮಾಡಿದ. ಅವಳು ಅತ್ತ ತಿರುಗಲಿಲ್ಲ.

"ಅವಳು," ಎಂದ ಯಜಮಾನ ಕೊನೆಗೆ, ನೆಲ ನೋಡುತ್ತ. "ಎಲ್ಲಾ ಅವಳೇ ಕತ್ತರಿಸಿದ್ದು."

ಎಂಬತ್ತು ದಾಟಿದ ಮುದುಕ. ಮಗಳಿಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಅವಳು ಮೈಕನ್ನು ಅವನ ಬಾಯಿಯ ಹತ್ತಿರಕ್ಕೆ ಹಿಡಿದಳು.

"ಅವಳ ಮೊಮ್ಮಕ್ಕಳು ಹಿಂದಿನ ಸಾಲಲ್ಲಿ ಕೂತಿದಾರೆ, ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ."