ಉಪ್ಪು ಕುಡಿದ ಹುರಿ

ಹುರಿ ಕೈಗೆ ಕೊಟ್ಟರೆ ದೇವಮ್ಮ ಮೊದಲು ನಾಲಿಗೆಗೆ ತಾಗಿಸಿ ನೋಡುತ್ತಿದ್ದಳು. “ಉಪ್ಪು ಕುಡಿದ ಹುರಿ ಮಾತು ತಪ್ಪೂದಿಲ್ಲ” ಅನ್ನುವುದು ಅವಳ ವೇದವಾಕ್ಯ. ನೈಲಾನ್ ಬಲೆ ಇನ್ನೂ ಅಪರೂಪವಾಗಿದ್ದ ಕಾಲ. ಹೊನ್ನಾವರದಲ್ಲಿ ಮೀನು ಮಾರುತ್ತಿದ್ದ ಈ ವಿಧವೆ ಹೊಲಿದಂಥ ಕೌದಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಎರಡು ಪದರ ಬಟ್ಟೆಗೆ ಬಳ್ಳಿಯ ಆಕಾರದಲ್ಲಿ ಜೋಡಿ ಹೊಲಿಗೆ ಹಾಕಿ, ಆ ಸಂದಿಯೊಳಗೆ ಹರಿದ ಬಲೆಯ ಹತ್ತಿ ಹುರಿ ತೂರಿಸಿದರೆ ಬಳ್ಳಿ ಉಬ್ಬಿ ನಿಲ್ಲುತ್ತಿತ್ತು. ಹೂವಿಗೆ ಹಿಂಬದಿ ಬಟ್ಟೆಯ ನೂಲೆಳೆಗಳನ್ನು ಸೂಜಿಯಿಂದ ಸರಿಸಿ, ಬೂರುಗದ ಹತ್ತಿ ತುರುಕಿ, ಮತ್ತೆ ನೂಲು ಕೂಡಿಸುತ್ತಿದ್ದಳು. ತೂತು ಹುಡುಕಿದರೂ ಸಿಗುತ್ತಿರಲಿಲ್ಲ.

ನಾನಾಗ ಕುಮಟೆಯ ಮಹಿಳಾ ಕೇಂದ್ರದಲ್ಲಿ ಹೊಲಿಗೆ ಕಲಿಸುವ ಅಕ್ಕೋರು. ಇನ್ನೊಬ್ಬ ಶಿಕ್ಷಕಿ ಬೇಕಾದಾಗ ದೇವಮ್ಮನ ಹೆಸರು ಹೇಳಿದವಳು ನಾನೇ. ಕೇಂದ್ರದ ಸಮಿತಿಯವರು ಮಾದರಿಗೊಂದು ಕೌದಿ ಕೇಳಿದರು. ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ಸೋತಿದ್ದ ಅವಳಿಗೆ ಕೂತು ಮಾಡುವ ಕೆಲಸ ಸಿಕ್ಕರೆ ಸಾಕಾಗಿತ್ತು.

ಬಲೆಯ ಹುರಿಗೆ ಮೀನಿನ ವಾಸನೆ. ಸಮಿತಿಯ ಹೆಂಗಸರು ಮೂಗು ಮುಚ್ಚಿಕೊಂಡಾರೆಂದು ನಾನು ಪೇಟೆಯಿಂದ ಬೆಳ್ಳನೆಯ ಹೊಸ ಹುರಿ ತಂದುಕೊಟ್ಟೆ. ದೇವಮ್ಮ ನೆಕ್ಕಿ ನೋಡಿ ಮುಖ ಸಿಂಡರಿಸಿದಳು.

“ಇದು ಸಮುದ್ರ ಕಾಣದ ಹುರಿ ಅಕ್ಕೋರೆ. ನೀರು ಬಿದ್ದ ಕೂಡ್ಲೆ ಗಿಡ್ಡ ಆಗ್ತದೆ. ಬಲೆ ಹುರಿ ಹಂಗಲ್ಲ, ಕುಗ್ಗೂದೆಲ್ಲ ಕುಗ್ಗಿ ಮುಗ್ದದೆ.”

“ನಾನು ಕಲಿತು ಬಂದವಳು ಮಾರಾಯ್ತಿ. ಎಂತದೂ ಆಗೂದಿಲ್ಲ, ಹೊಲಿ.”

“ಆತು. ನೀವು ಹೇಳಿದ ಮೇಲೆ ಆತು.”

ಕೌದಿ ಕಂಡು ಸಮಿತಿಯವರು ಬೆರಗಾದರು. ಒಗೆದೂ ನೋಡೋಣ ಎಂದರು. ಒಣಗಿದಾಗ ಹುರಿಯೆಲ್ಲ ಕುಗ್ಗಿ, ಕೌದಿ ಸುಟ್ಟ ಹಪ್ಪಳದ ಹಾಗೆ ಮುದುಡಿತ್ತು. “ಮೀನು ಮಾರುವವಳಿಗೆ ಇದೆಲ್ಲ ಎಂತ ಗೊತ್ತಾಗ್ತದೆ?” ಎಂದರು ಅಧ್ಯಕ್ಷೆ. ದೇವಮ್ಮ ನನ್ನ ಮುಖವನ್ನೇ ನೋಡಿದಳು. ಹುರಿ ತಂದವಳು ನಾನೆಂದರೆ ನನ್ನ ಕೆಲಸಕ್ಕೇ ಕುತ್ತು. ನನ್ನ ಬಾಯಿಗೆ ಮಣ್ಣು ಬೀಳಲಿ! ನಾನು ಕಿಟಕಿಯ ಕಡೆ ನೋಡುತ್ತ ನಿಂತೆ. ಅವಳು ಕೌದಿ ಮಡಚಿಕೊಂಡು ಹೋದಳು.

ಎರಡು ವರ್ಷದ ಮೇಲೆ ಹಳದೀಪುರದಲ್ಲಿ ಬಸ್ಸಿಗೆ ಕಾಯುವಾಗ ಸಿಕ್ಕಳು. ತಲೆಯ ಮೇಲೆ ಅದೇ ಬುಟ್ಟಿ. ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು, “ತಪ್ಪು ನಂದೇ ಆಗಿತ್ತು ದೇವಮ್ಮ” ಎಂದೆ.

“ಅದು ನಂಗೆ ಗೊತ್ತಿಲ್ವ ಅಕ್ಕೋರೆ? ಗೊತ್ತಿಲ್ದವ್ರು ಅಲ್ಲಿ ಕೂತಿದ್ರು. ಅವ್ರಿಗೆ ಹೇಳೂದಿತ್ತು.”

ಮೀನು ಬೇಕೇ ಎಂದು ಕೂಡ ಕೇಳದೆ, ಬುಟ್ಟಿ ಸರಿಮಾಡಿಕೊಂಡು ನಡೆದುಬಿಟ್ಟಳು. ಮತ್ತೆ ಅವಳನ್ನು ನಾನು ಕಾಣಲಿಲ್ಲ.